ಗಿಡದ ಕಣ್ಣನ್ನು ಕಾಣುವ ಬಗೆ

ಮಾಗಡಿಯಿಂದ ರಾಮನಗರಕ್ಕೆ ಹೋಗುವ ದಾರಿಯ ಎಡಬಲದ ಹೊಲಗಳಲ್ಲಿ ಶ್ರಾವಣ ಕಳೆಯುವ ಹೊತ್ತಿಗೆ ರಾಗಿಯ ಪೈರು ಎದ್ದು ನಿಂತಿರುತ್ತದೆ. ಹೊಲದ ನಡುವೆ ಬಿಸಿಲಿಗೆ ಮೈಯೊಡ್ಡಿದ ಪೈರು ಗಿಡ್ಡ, ಬುಡ ದಪ್ಪ, ತೆಂಡೆಯೊಡೆದು ಅಗಲಕ್ಕೆ ಹರಡಿಕೊಂಡಿರುತ್ತದೆ. ಬದುವಿನ ಮೇಲಿನ ಮಾವಿನ ಮರದ ನೆರಳಿಗೆ ಸಿಕ್ಕಿದ ಪೈರಾದರೋ ಸಣಕಲು, ಎಲೆ ತೆಳುವು, ಕತ್ತು ನೀಳ. ಬಿತ್ತಿದ ಬೀಜ ಒಂದೇ, ನೆಲ ಒಂದೇ, ಬಿದ್ದ ಮಳೆಯೂ ಒಂದೇ. ನೆರಳಿನ ಪೈರಿಗೆ ಬೆಳಕು ಸಾಲದಾಯಿತು, ಆದುದರಿಂದ ಸೊರಗಿತು ಎಂದು ಯಾರಾದರೂ ಹೇಳಬಹುದು. ಸೊರಗಿದ್ದು ಸರಿ, ಆದರೆ ಉದ್ದವಾದದ್ದು ಏಕೆ? ಹೊಟ್ಟೆಗಿಲ್ಲದ ಮಗು ಎತ್ತರಕ್ಕೆ ಬೆಳೆಯುವುದಿಲ್ಲ. ಇಲ್ಲಿ ಪೈರು ತನ್ನಲ್ಲಿದ್ದ ಅಲ್ಪ ಗಂಟನ್ನು ಬೇರಿಗೂ ತೆಂಡೆಗೂ ಹಂಚದೆ ಕಾಂಡಕ್ಕೇ ಸುರಿದು, ನೆರೆಯವರಿಗಿಂತ ಮೇಲಕ್ಕೆ ತಲೆಯೆತ್ತಲು ಹವಣಿಸಿದೆ. ತಾನು ನೆರಳಿನಲ್ಲಿರುವೆನೆಂಬ ಸುದ್ದಿ ಅದಕ್ಕೆ ಹೇಗೋ ಮುಟ್ಟಿದೆ.

ಇಷ್ಟೇ ಅಲ್ಲ, ನೆರಳು ಯಾರದೆಂಬುದನ್ನೂ ಅದು ಬಲ್ಲದು. ಸಾವನದುರ್ಗದ ಬಂಡೆಯ ನೆರಳಿಗೂ ಮಾವಿನೆಲೆಯ ನೆರಳಿಗೂ ಇರುವ ಅಂತರವನ್ನು ಗಿಡ ಗುರುತಿಸಬಲ್ಲದು. ಬಂಡೆ ಬೆಳಕನ್ನು ಮರೆಮಾಡುತ್ತದೆ, ಅಷ್ಟೆ. ಎಲೆ ಹಾಗಲ್ಲ, ಬೆಳಕಿನೊಳಗಿನ ಕೆಂಪನ್ನು ಆರಿಸಿ ಆರಿಸಿ ನುಂಗಿ, ಕೆಂಪಿನಾಚೆಗೆ ನಮ್ಮ ಕಣ್ಣಿಗೆ ಕಂಡೂ ಕಾಣದಂತಿರುವ ಇನ್ನೊಂದು ಬಣ್ಣವನ್ನು ತನಗೆ ಬೇಡವೆಂದು ಕೆಳಕ್ಕೆ ಬಿಟ್ಟುಬಿಡುತ್ತದೆ. ಆ ಬಣ್ಣವನ್ನು ಇಲ್ಲಿ ದೂರಗೆಂಪು ಎಂದು ಕರೆಯೋಣ. ತೆರೆದ ಬಿಸಿಲಿನಲ್ಲಿ ಕೆಂಪಿಗೂ ದೂರಗೆಂಪಿಗೂ ಇರುವ ಪ್ರಮಾಣ ಸುಮಾರು ೧.೧೫, ದಟ್ಟವಾದ ಎಲೆಮರೆಯ ಕೆಳಗೆ ಅದು ೦.೧ರ ಹತ್ತಿರಕ್ಕೂ ಇಳಿಯುವುದುಂಟು. ಈ ಒಂದು ಅಂಕಿಯನ್ನು ಓದಬಲ್ಲ ಸಾಧನವಿದ್ದರೆ ಸಾಕು, ಪಕ್ಕದಲ್ಲಿ ಪೈಪೋಟಿಗೆ ನಿಂತವರು ಇದ್ದಾರೆಯೇ ಇಲ್ಲವೇ ಎಂಬುದು ತಿಳಿದುಹೋಗುತ್ತದೆ. ಅಂಥ ಸಾಧನ ಗಿಡದ ಪ್ರತಿಯೊಂದು ಎಲೆಯಲ್ಲಿಯೂ ಎಳೆಯ ಕಾಂಡದಲ್ಲಿಯೂ ಇದೆ.

ಇದರ ಇರವನ್ನು ಕಾಣಲು ಹೊಲದವರೆಗೆ ಹೋಗಬೇಕಾಗಿಯೂ ಇಲ್ಲ. ಹೆಸರುಕಾಳನ್ನು ನೆನೆಸಿ ಬಟ್ಟೆಯಲ್ಲಿ ಬಿಗಿದು ಎರಡು ದಿನ ಮುಚ್ಚಿಟ್ಟ ಗೃಹಿಣಿಯರೆಲ್ಲರೂ ನೋಡಿರುತ್ತಾರೆ: ಮೊಳಕೆ ಬೆಳ್ಳಗೆ, ಉದ್ದಕ್ಕೆ ಬಂದು, ಅದರ ಕತ್ತು ಕೊಕ್ಕೆಯಂತೆ ಬಾಗಿರುತ್ತದೆ. ಮದುವೆಯ ಮನೆಗಳಲ್ಲಿ ಅಂಕುರಾರ್ಪಣೆಗೆಂದು ನವಧಾನ್ಯ ಬಿತ್ತಿದ ಪಾಲಿಕೆಗಳು ಕತ್ತಲೆಯ ಮೂಲೆಯಲ್ಲಿ ಉಳಿದರೆ ಪೈರು ಹಳದಿಗಟ್ಟಿ ಬಳುಕುತ್ತ ಬೆಳೆಯುತ್ತದೆ. ಅದನ್ನು ಕಿಟಕಿಯ ಬಳಿಗೆ ತಂದಿಟ್ಟರೆ ಮಾರನೆಯ ದಿನದ ಹೊತ್ತಿಗೆ ಬಾಗಿದ ಕತ್ತು ನೆಟ್ಟಗಾಗಿ, ಎಲೆ ಬಿಚ್ಚಿಕೊಂಡು, ಹಸಿರು ಮೂಡುತ್ತದೆ. ಮೊಳಕೆಯೊಳಗಿನ ನೂರಾರು ಜೀನುಗಳು ಈ ಒಂದು ಇರುಳು ಹಗಲಿನಲ್ಲಿ ತಮ್ಮ ಕೆಲಸವನ್ನು ಬದಲಾಯಿಸಿಕೊಂಡಿರುತ್ತವೆ. ಅಪ್ಪಣೆ ಕೊಟ್ಟವರು ಯಾರು? ಎಲ್ಲಿ ಕುಳಿತು ಕೊಟ್ಟರು? ಈ ಪ್ರಶ್ನೆಯ ಬೆನ್ನು ಹತ್ತಿದ ಸಸ್ಯಶಾಸ್ತ್ರಜ್ಞರು ಸೂಕ್ಷ್ಮದರ್ಶಕದ ಮುಂದೆ ಎದುರಿಸಿದ ವಿಚಿತ್ರ ತೊಡಕಿನ ಕಥೆ ಸ್ವಾರಸ್ಯವಾದುದು.

ಕಥೆಯ ಮೊದಲ ಭಾಗ ನಡೆದದ್ದು ಅಮೆರಿಕದ ಬೆಲ್ಟ್ಸ್‌ವಿಲ್ ಎಂಬಲ್ಲಿನ ಸರ್ಕಾರಿ ಕೃಷಿ ಸಂಶೋಧನಾ ಕೇಂದ್ರದಲ್ಲಿ. ಹ್ಯಾರಿ ಬೋರ್ತ್‌ವಿಕ್, ಸ್ಟರ್ಲಿಂಗ್ ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು ಲೆಟ್ಯೂಸ್ ಎಂಬ ಸೊಪ್ಪಿನ ಬೀಜಗಳನ್ನು ಕತ್ತಲೆಯಲ್ಲಿ ನೆನೆಸಿ, ಕ್ಷಣಕಾಲ ಕೆಂಪು ಬೆಳಕನ್ನು ತೋರಿಸಿದರು. ಬೀಜ ಮೊಳೆಯಿತು. ಕೆಂಪಿನ ಬೆನ್ನಿಗೇ ದೂರಗೆಂಪನ್ನು ತೋರಿಸಿದರೆ ಮೊಳೆಯಲಿಲ್ಲ. ಮತ್ತೆ ಕೆಂಪು ತೋರಿಸಿದರೆ ಮೊಳೆಯಿತು. ಎಷ್ಟು ಸಲ ಅದಲುಬದಲು ಮಾಡಿದರೂ ಕೊನೆಯದಾಗಿ ಬಿದ್ದ ಬೆಳಕಿನ ಮಾತೇ ನಡೆಯಿತು. ೧೯೫೨ರಲ್ಲಿ ಪ್ರಕಟವಾದ ಈ ಪ್ರಯೋಗ ಸಸ್ಯದೊಳಗೆ ಎರಡು ರೂಪಗಳ ನಡುವೆ ತೊನೆಯುವ ಒಂದೇ ವರ್ಣದ್ರವ್ಯವಿದೆಯೆಂಬುದನ್ನು ಸೂಚಿಸಿತು. ೧೯೫೯ರಲ್ಲಿ ಅದೇ ಕೇಂದ್ರದಲ್ಲಿ ಆ ದ್ರವ್ಯವನ್ನು ಉಪಕರಣದಿಂದಲೇ ಅಳೆದು ಹಿಡಿದರು. ಫೈಟೋಕ್ರೋಮ್ ಎಂದು ಹೆಸರಾಯಿತು. ೬೬೦ ನ್ಯಾನೋಮೀಟರಿನ ಸುಮಾರಿನ ಕೆಂಪು ಬೆಳಕು ಬಿದ್ದಾಗ ಅದು ಚುರುಕಾಗುತ್ತದೆ. ೭೩೦ರ ಸುಮಾರಿನ ದೂರಗೆಂಪು ಬಿದ್ದಾಗ ಮಂಕಾಗುತ್ತದೆ. ಮನೆಯ ದೀಪದ ಗುಂಡಿಯನ್ನು ಮೇಲೆ ಕೆಳಗೆ ಮಾಡಿದಂತೆ ಎಂದರೆ ತಪ್ಪಾಗದು.

ಗುಂಡಿ ಸಿಕ್ಕಿತು, ಅದು ಮನೆಯ ಯಾವ ಗೋಡೆಯ ಮೇಲಿದೆ ಎಂಬುದು ಬಹುಕಾಲ ತಿಳಿಯಲಿಲ್ಲ. ಜೀವಕೋಶದ ಅಪ್ಪಣೆಗಳೆಲ್ಲ ಬರೆದಿಟ್ಟಿರುವುದು ಕೋಶಕೇಂದ್ರದಲ್ಲಿ, ಅಂದರೆ ನ್ಯೂಕ್ಲಿಯಸ್ಸಿನಲ್ಲಿ. ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞನು ೧೮೩೧ರಲ್ಲಿ ಸೀತಾಳೆ ಜಾತಿಯ ಗಿಡಗಳ ಎಲೆಯ ಸಿಪ್ಪೆಯನ್ನು ನೋಡುತ್ತಿದ್ದಾಗ ಪ್ರತಿ ಕೋಶದಲ್ಲಿಯೂ ಕಂಡ ದುಂಡನೆಯ ಮಚ್ಚೆಗೆ ಆ ಹೆಸರನ್ನಿತ್ತನು. ಆದರೆ ಫೈಟೋಕ್ರೋಮ್ ಇರುವುದು ಕೇಂದ್ರದ ಹೊರಗಿನ ದ್ರವದಲ್ಲಿ ಎಂದೇ ಹಲವು ದಶಕಗಳ ಕಾಲ ಬಹುಮಂದಿ ನಂಬಿದ್ದರು. ನಂಬಿಕೆಗೆ ಕಾರಣವೂ ಇತ್ತು. ಕತ್ತಲೆಯಲ್ಲಿ ಬೆಳೆದ ಮೊಳಕೆಯಲ್ಲಿ ಫೈಟೋಕ್ರೋಮ್ ಹೇರಳವಾಗಿರುತ್ತದೆ, ಹುಡುಕಲು ಸುಲಭ. ಆದರೆ ಕತ್ತಲೆಯಲ್ಲಿ ಅದು ಹೊರಗೇ ಇರುತ್ತದೆ! ಬಾಗಿಲು ಹಾಕಿದ ಹೊತ್ತಿನಲ್ಲಿ ಹೋಗಿ ನೋಡಿದವರು ಮನೆಯಾತ ಎಂದೂ ಒಳಗಿರುವುದಿಲ್ಲವೆಂದು ತೀರ್ಮಾನಿಸಿದಂತಾಯಿತು.

ಹಳೆಯ ತಲೆಮಾರಿನ ಸಸ್ಯಶಾಸ್ತ್ರಜ್ಞರ ಪದ್ಧತಿಯೂ ಈ ವಿಷಯದಲ್ಲಿ ನೆರವಿಗೆ ಬರುವಂತಿರಲಿಲ್ಲ. ಕನ್ನಡದ ವಾಚಕರಿಗೆ ಬರಹಗಾರರಾಗಿಯೂ ಪ್ರಿಯರಾದ ಬಿ. ಜಿ. ಎಲ್. ಸ್ವಾಮಿಯವರ ಕಾಲದಲ್ಲಿ ಸಸ್ಯದ ಒಳರಚನೆಯನ್ನೂ ಭ್ರೂಣವನ್ನೂ ಅಭ್ಯಾಸ ಮಾಡುವವರು ಗಿಡದ ತುಣುಕನ್ನು ಮೇಣದಲ್ಲಿ ಹೂತು, ಹಾಳೆಗಿಂತ ತೆಳ್ಳಗೆ ಸೀಳಿ, ಬಣ್ಣಗಳಲ್ಲಿ ಅದ್ದಿ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಿದ್ದರು. ಗಿಡದ ಕಟ್ಟಡವನ್ನು ತಿಳಿಯಲು ಇದಕ್ಕಿಂತ ಸೊಗಸಾದ ಮಾರ್ಗವಿಲ್ಲ. ಇಂದಿಗೂ ಅದನ್ನು ಬಿಟ್ಟವರಿಲ್ಲ. ಆದರೆ ಕಟ್ಟಡದೊಳಗೆ ಯಾರು ಯಾವ ಕೋಣೆಯಿಂದ ಯಾವ ಕೋಣೆಗೆ ನಡೆದರೆಂಬುದನ್ನು ಸತ್ತ ಸೀಳು ಹೇಳಲಾರದು. ಓಡಾಡುವ ಒಂದು ಪ್ರೋಟೀನನ್ನು ಜೀವಂತ ಕೋಶದಲ್ಲಿ ಹಿಂಬಾಲಿಸಬೇಕಾದರೆ ಅದರ ಕೈಗೊಂದು ದೀಪ ಕೊಡಬೇಕು.

ಆ ದೀಪ ದೊರೆತದ್ದು ಸಮುದ್ರದಿಂದ. ಜಪಾನಿನಲ್ಲಿ ಹುಟ್ಟಿದ ಒಸಾಮು ಶಿಮೊಮುರ ಎಂಬವರು ಅಮೆರಿಕದ ಪಶ್ಚಿಮ ತೀರದಲ್ಲಿ ಹಿಡಿದ ಅಂಬಲಿಮೀನುಗಳಿಂದ, ನೀಲಿ ಬೆಳಕು ಬಿದ್ದರೆ ಹಸಿರಾಗಿ ಮಿನುಗುವ ಪ್ರೋಟೀನೊಂದನ್ನು ಬೇರ್ಪಡಿಸಿ ೧೯೬೨ರಲ್ಲಿ ವರದಿ ಮಾಡಿದರು. ೧೯೯೪ರಲ್ಲಿ ಮಾರ್ಟಿನ್ ಚಾಲ್ಫಿಯವರು ಅದರ ಜೀನನ್ನು ಬೇರೆ ಜೀವಿಗಳಲ್ಲಿ ಸೇರಿಸಿದರೂ ಅದು ಮಿನುಗುತ್ತದೆಂದು ತೋರಿಸಿದರು. ರೋಜರ್ ತ್ಸಿಯೆನ್ ಅದಕ್ಕೆ ಬಗೆಬಗೆಯ ಬಣ್ಣ ಕೊಟ್ಟರು. ಮೂವರಿಗೂ ೨೦೦೮ರ ನೊಬೆಲ್ ಪಾರಿತೋಷಕ ಸಂದಿತು. ಫೈಟೋಕ್ರೋಮಿನ ಜೀನಿನ ತುದಿಗೆ ಈ ಜೀನನ್ನು ಹೊಲಿದು ಗಿಡದಲ್ಲಿ ಸೇರಿಸಿದರೆ, ಗಿಡ ತಯಾರಿಸುವ ಪ್ರತಿಯೊಂದು ಫೈಟೋಕ್ರೋಮ್ ಅಣುವೂ ಹಸಿರು ಲಾಂದ್ರವನ್ನು ಹಿಡಿದುಕೊಂಡೇ ಹುಟ್ಟುತ್ತದೆ. ಕಬ್ಬಾಳಿನ ಜಾತ್ರೆಯ ಇರುಳಿನಲ್ಲಿ ಒಂದೇ ಊರಿನಿಂದ ಬಂದವರೆಲ್ಲ ಹಸಿರು ಲಾಂದ್ರ ಹಿಡಿದಿದ್ದರೆ, ಎಷ್ಟೇ ನೂಕುನುಗ್ಗಲಿದ್ದರೂ ಬೆಟ್ಟದ ಮೇಲೆ ನಿಂತವನಿಗೆ ಅವರು ಎಲ್ಲಿ ಕೂಡಿದ್ದಾರೆಂಬುದು ತಿಳಿಯುವುದಿಲ್ಲವೇ? ಹಾಗೆ.

೧೯೯೯ರಲ್ಲಿ ಅಕಿರ ನಗತಾನಿಯವರ ಜಪಾನಿನ ತಂಡವೂ ಯುರೋಪಿನ ಇನ್ನೊಂದು ತಂಡವೂ ಈ ಉಪಾಯದಿಂದ ನೋಡಿದುದನ್ನು ಪ್ರಕಟಿಸಿದವು. ಅವರು ಬಳಸಿದ ಗಿಡಗಳಲ್ಲಿ ಮುಖ್ಯವಾದುದು ಸಾಸಿವೆಯ ಕುಲಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಪುಟ್ಟ ಕಳೆ. ಕತ್ತಲೆಯಲ್ಲಿ ಬೆಳೆದ ಮೊಳಕೆಯ ಕೋಶಗಳಲ್ಲಿ ಫೈಟೋಕ್ರೋಮ್-ಬಿ ಎಂಬ ಬಗೆ ಕೇಂದ್ರದ ಹೊರಗೆ ಮಸುಕಾಗಿ ಹರಡಿಕೊಂಡಿತ್ತು. ಕೆಂಪು ಬೆಳಕು ಹಾಯಿಸಿದ ಮೇಲೆ ಅದು ಕೇಂದ್ರದೊಳಕ್ಕೆ ನಡೆಯಿತು. ಒಳಗೆ ಹೋದದ್ದೂ ಸಮನಾಗಿ ಹರಡಲಿಲ್ಲ; ಅಲ್ಲಲ್ಲಿ ಗುಂಪುಗೂಡಿ ಚುಕ್ಕೆಗಳಾಗಿ ಹೊಳೆಯಿತು. ಇಂಗ್ಲಿಷಿನಲ್ಲಿ ಫೋಟೋಬಾಡಿ ಎಂದು ಕರೆಯುವ ಈ ಚುಕ್ಕೆಗಳನ್ನು ಕನ್ನಡದಲ್ಲಿ ದ್ಯುತಿಕಾಯ ಎನ್ನಬಹುದು. ಬೆಳಕು ಬಿದ್ದ ಕೆಲವು ನಿಮಿಷಗಳಲ್ಲೇ ಚಿಕ್ಕವು ಮೂಡುತ್ತವೆ. ದೊಡ್ಡವಾಗಲು ಗಂಟೆಗಳು ಬೇಕು. ಪ್ರಖರವಾದ ಕೆಂಪು ಬೆಳಕಿನಲ್ಲಿ ಕೆಲವೇ ದೊಡ್ಡ ಚುಕ್ಕೆಗಳು. ಮಂದ ಬೆಳಕಿನಲ್ಲಿ ಅನೇಕ ಸಣ್ಣವು. ಇನ್ನೂ ಮಂದವಾದರೆ ಬರಿಯ ಮಸುಕು. ಜೋಆನ್ ಚೋರಿಯವರ ಪ್ರಯೋಗಶಾಲೆಯಿಂದ ೨೦೦೩ರಲ್ಲಿ ಬಂದ ಲೇಖನ ಈ ಕ್ರಮವನ್ನು ವಿವರವಾಗಿ ತೋರಿಸಿತು. ಹೊರಗಿನ ಬೆಳಕು ಎಷ್ಟು, ಎಂಥದು ಎಂಬ ಲೆಕ್ಕ ಕೋಶಕೇಂದ್ರದೊಳಗೆ ಚುಕ್ಕೆಗಳ ಗಾತ್ರದಲ್ಲಿ ಬರೆದಂತಾಯಿತು.

ಗಾತ್ರವೆಂದರೆ ಎಷ್ಟು? ದೊಡ್ಡ ದ್ಯುತಿಕಾಯದ ಅಡ್ಡಗಲ ಒಂದೆರಡು ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಒಂದು ರಾಗಿಕಾಳಿನ ಅಗಲದಲ್ಲಿ ಸುಮಾರು ಸಾವಿರವನ್ನು ಸಾಲಾಗಿ ಜೋಡಿಸಬಹುದು. ಚಿಕ್ಕವು ಇನ್ನೂ ಹತ್ತು ಪಾಲು ಕಿರಿದು. ಬೆಳಕಿನ ಸೂಕ್ಷ್ಮದರ್ಶಕ ಒಂದರ ಪಕ್ಕದಲ್ಲಿರುವ ಇನ್ನೊಂದನ್ನು ಬೇರೆ ಮಾಡಿ ತೋರಿಸಬಲ್ಲ ಮಿತಿ ಸುಮಾರು ೦.೨ ಮೈಕ್ರಾನ್ ಎಂದು ಜರ್ಮನಿಯ ಅರ್ನ್ಸ್ಟ್ ಅಬ್ಬೆಯ ೧೮೭೩ರ ಸಿದ್ಧಾಂತದಿಂದ ತಿಳಿದುಬರುತ್ತದೆ. ಆದುದರಿಂದ ಬಹಳ ಸಣ್ಣ ಚುಕ್ಕೆಗಳ ಚಿತ್ರದಲ್ಲಿ ಕಾಣುವ ಅಗಲ ಅವುಗಳ ನಿಜವಾದ ಅಗಲವಲ್ಲ, ಮಸೂರದ ಮಸುಕು. ಈ ಮಿತಿಯನ್ನು ದಾಟುವ ಉಪಾಯಗಳು ಬಂದಿವೆ. ೨೦೧೪ರ ರಸಾಯನಶಾಸ್ತ್ರದ ನೊಬೆಲ್ ಅದಕ್ಕೇ ಸಂದದ್ದು. ಆದರೆ ಅವುಗಳಲ್ಲಿ ಹಲವಕ್ಕೆ ಬಹು ತೀಕ್ಷ್ಣವಾದ ಬೆಳಕು ಬೇಕು. ತೊಡಕೆಲ್ಲ ಇರುವುದು ಅಲ್ಲಿಯೇ.

ಸೂಕ್ಷ್ಮದರ್ಶಕದಿಂದ ಏನನ್ನೇ ನೋಡಬೇಕಾದರೂ ಬೆಳಕು ಬೇಕು. ಇಲ್ಲಿ ನೋಡಬೇಕಾದ ವಸ್ತುವಾದರೋ ಬೆಳಕು ತಗುಲಿದರೆ ಬದಲಾಗುವುದನ್ನೇ ತನ್ನ ಕಸುಬು ಮಾಡಿಕೊಂಡಿದೆ. ಕತ್ತಲೆಯಲ್ಲಿ ದ್ಯುತಿಕಾಯಗಳು ಇವೆಯೇ ಇಲ್ಲವೇ ಎಂದು ನೋಡಲು ದೀಪ ಹಚ್ಚಿದ ಕ್ಷಣ ಕತ್ತಲೆಯೂ ಇಲ್ಲ, ಕತ್ತಲೆಯ ಮೊಳಕೆಯೂ ಇಲ್ಲ. ನಿದ್ದೆ ಬಂದಿದೆಯೇ ಎಂದು ಕೇಳಿ ಎಬ್ಬಿಸುವವರಂತೆ! ಚಿತ್ರ ಬಂದಿತು ಎಂದ ಮಾತ್ರಕ್ಕೆ ಅದು ಗಿಡದ ಸ್ಥಿತಿಯನ್ನು ತೋರಿಸುತ್ತಿದೆಯೋ ನೋಡುವವನ ದೀಪದ ಪರಿಣಾಮವನ್ನು ತೋರಿಸುತ್ತಿದೆಯೋ ಎಂದು ಕೇಳಲೇಬೇಕು. ಈ ವಿದ್ಯೆಯಲ್ಲಿ ನುರಿತವರ ಜಾಣ್ಮೆಯೆಲ್ಲ ಈ ಒಂದು ಸಂಶಯವನ್ನು ನೀಗಿಸುವುದರಲ್ಲಿ ಕಳೆಯುತ್ತದೆ.

ಅವರ ಕೆಲಸ ಕತ್ತಲೆಯ ಕೋಣೆಯಲ್ಲಿ ಮೊದಲಾಗುತ್ತದೆ. ಹಿಂದೆ ಫೋಟೋ ಸ್ಟುಡಿಯೋಗಳ ಒಳಕೋಣೆಯಲ್ಲಿ ಕೆಂಪು ದೀಪವಿರುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು. ಫೋಟೋದ ಕಾಗದಕ್ಕೆ ಕೆಂಪು ಕಾಣದು. ಇಲ್ಲಿ ಆ ದೀಪವೇ ಶತ್ರು. ಫೈಟೋಕ್ರೋಮ್ ಅತ್ಯಂತ ಕಡಮೆ ಲಕ್ಷ್ಯ ಕೊಡುವುದು ಹಸಿರಿಗೆ. ಆದುದರಿಂದ ಮಿಣುಕುವ ಹಸಿರು ದೀಪದ ಅರೆಗತ್ತಲೆಯಲ್ಲಿ ಮೊಳಕೆಗಳನ್ನು ಚಿಮುಟದಿಂದ ಎತ್ತುತ್ತಾರೆ. ಹಸಿರೂ ಪೂರ್ತಿ ನಿರಪಾಯವಲ್ಲ. ಹೆಚ್ಚು ಹೊತ್ತು ಇಟ್ಟರೆ ಅದೂ ಗಿಡವನ್ನು ಎಚ್ಚರಿಸುತ್ತದೆ. ಫೈಟೋಕ್ರೋಮ್-ಎ ಎಂಬ ಸಹೋದರ ಬಗೆಯಂತೂ ಕ್ಷಣಮಾತ್ರದ ಮಿಂಚಿಗೇ ಎಚ್ಚರಗೊಳ್ಳತಕ್ಕದ್ದು. ಬಾಗಿಲ ಸಂದಿನ ಬೆಳಕು, ಗಣಕದ ಪರದೆಯ ಬೆಳಕು, ಯಂತ್ರದ ಮೈಮೇಲಿನ ಪುಟ್ಟ ಸೂಚಕ ದೀಪ, ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮುಂದೆ ಎರಡು ದಾರಿಗಳಿವೆ. ಒಂದು, ಮೊಳಕೆಯನ್ನು ಆ ಕತ್ತಲೆಯಲ್ಲಿಯೇ ಫಾರ್ಮಾಲ್ಡಿಹೈಡ್ ದ್ರಾವಣದಲ್ಲಿ ಮುಳುಗಿಸುವುದು. ಆ ದ್ರವ್ಯ ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದು ಇದ್ದಲ್ಲಿಯೇ ನಿಲ್ಲಿಸಿಬಿಡುತ್ತದೆ. ಆಮೇಲೆ ಎಷ್ಟು ಬೆಳಕು ಬಿದ್ದರೂ ಯಾರೂ ಮಿಸುಕುವಂತಿಲ್ಲ. ನೆಮ್ಮದಿಯಿಂದ ನೋಡಬಹುದು, ಎಣಿಸಬಹುದು, ಕೋಶಕೇಂದ್ರದ ಎಲ್ಲೆಯನ್ನು ತೋರಿಸುವ ನೀಲಿ ವರ್ಣವನ್ನು ಹಾಕಬಹುದು. ಇದರ ಕುಂದು, ಒಂದು ಮೊಳಕೆಯಿಂದ ಒಂದೇ ಗಳಿಗೆಯ ಚಿತ್ರ ಸಿಕ್ಕುತ್ತದೆ. ಐದನೆಯ ನಿಮಿಷಕ್ಕೊಂದು, ಹತ್ತನೆಯ ನಿಮಿಷಕ್ಕೊಂದು, ಗಂಟೆಗೊಂದು ಎಂದು ಬೇರೆಬೇರೆ ಮೊಳಕೆಗಳನ್ನು ಮುಳುಗಿಸಿ, ಅವುಗಳ ಚಿತ್ರಗಳನ್ನು ಸಾಲಾಗಿ ಇಟ್ಟು ಕಥೆ ಕಟ್ಟಬೇಕು. ಬೆಸೆಯುವ ಕ್ರಿಯೆಯೇ ಕೆಲವು ಬಿಡಿ ಅಣುಗಳನ್ನು ಗುಂಪುಗೂಡಿಸೀತು ಎಂಬ ಶಂಕೆಯೂ ಉಂಟು. ಜೀವಂತ ಮೊಳಕೆಯೊಡನೆ ತಾಳೆ ನೋಡದೆ ಅದು ಬಗೆಹರಿಯದು.

ಇನ್ನೊಂದು ದಾರಿ, ಜೀವಂತ ಮೊಳಕೆಯನ್ನೇ ಗಾಜಿನ ಮೇಲಿಟ್ಟು, ಕಡಮೆ ಬೆಳಕಿನಲ್ಲಿ, ಕಡಮೆ ಹೊತ್ತಿನಲ್ಲಿ ನೋಡಿ ಮುಗಿಸುವುದು. ಇದಕ್ಕೆ ಬಳಸುವುದು ಕನ್ಫೋಕಲ್ ಸೂಕ್ಷ್ಮದರ್ಶಕ. ಮಾರ್ವಿನ್ ಮಿನ್‌ಸ್ಕಿ ಎಂಬ ಅಮೆರಿಕದ ತರುಣ ೧೯೫೭ರಲ್ಲಿ ಇದರ ಹಕ್ಕಿಗಾಗಿ ಅರ್ಜಿ ಹಾಕಿ ೧೯೬೧ರಲ್ಲಿ ಪಡೆದನು. ಲೇಸರ್ ಮತ್ತು ಗಣಕಗಳು ಬಂದ ಮೇಲೆ ಅದು ಬಳಕೆಗೆ ಬಂದಿತು. ಇದರ ತತ್ತ್ವ ಸರಳ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಕೋಶದ ಮೇಲು, ನಡು, ತಳಗಳ ಬೆಳಕೆಲ್ಲ ಒಟ್ಟಿಗೆ ಕಣ್ಣಿಗೆ ಬಂದು ಮಂಜು ಕವಿಯುತ್ತದೆ. ಇಲ್ಲಿ ಬೆಳಕಿನ ಬಿಂದುವೊಂದು ಕೋಶದ ಒಂದೇ ತಾಣವನ್ನು ಮುಟ್ಟುತ್ತದೆ. ಅಲ್ಲಿಂದ ಹೊರಟ ಮಿನುಗು ಸೂಜಿಯ ಕಣ್ಣಿನಂಥ ರಂಧ್ರದ ಮೂಲಕ ಹಾದು ಬರಬೇಕು. ಆ ತಾಣದ ಮೇಲಿನದೂ ಕೆಳಗಿನದೂ ರಂಧ್ರಕ್ಕೆ ನೇರವಾಗಿ ಬೀಳದೆ ಹೊರಗೇ ಉಳಿಯುತ್ತದೆ. ಬಿಂದುವನ್ನು ಸಾಲುಸಾಲಾಗಿ ಓಡಿಸಿದರೆ ಒಂದು ಪದರದ ಚಿತ್ರವಾಯಿತು; ಪದರದ ಮೇಲೆ ಪದರ ತೆಗೆದರೆ, ಸೌತೆಕಾಯಿಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿದಂತೆ, ಇಡೀ ಕೋಶಕೇಂದ್ರ ಕತ್ತಿಯ ಸೋಂಕಿಲ್ಲದೆ ಹೋಳಾಯಿತು. ಹೀಗೆ ಮಾಡದೆ ಒಂದೇ ಪದರವನ್ನು ನೋಡಿ ಚುಕ್ಕೆಗಳನ್ನು ಎಣಿಸಿದವರ ಲೆಕ್ಕ ಎಂದೂ ಕಡಮೆಯೇ. ಉಳಿದ ಚುಕ್ಕೆಗಳು ಆ ಬಿಲ್ಲೆಯ ಕೆಳಗೆ ಅಡಗಿರುತ್ತವೆ.

ದೀಪದ ಬಣ್ಣವನ್ನು ಆರಿಸುವುದೂ ಒಂದು ಚದುರಂಗದಾಟ. ಹಸಿರು ಲಾಂದ್ರ ಹೊತ್ತಿಕೊಳ್ಳಲು ಸಾಮಾನ್ಯವಾಗಿ ೪೮೮ ನ್ಯಾನೋಮೀಟರಿನ ನೀಲಿ ಲೇಸರ್ ಬೇಕು. ಫೈಟೋಕ್ರೋಮಿಗೆ ನೀಲಿಯ ಮೇಲೆ ಅಷ್ಟು ಮೋಹವಿಲ್ಲ. ಲೇಸರ್ ಮಂದವಾಗಿದ್ದು ಚಿತ್ರ ಬೇಗನೆ ಮುಗಿದರೆ ಬದುಕಬಹುದು. ಆದರೆ ಗಿಡಕ್ಕೆ ಕ್ರಿಪ್ಟೋಕ್ರೋಮ್ ಎಂಬ ಇನ್ನೊಂದು ಕಣ್ಣಿದೆ. ಅದು ನೀಲಿಯನ್ನೇ ನೋಡತಕ್ಕದ್ದು. ನೀಲಿ ತಗುಲಿದರೆ ಅದೂ ಕೋಶಕೇಂದ್ರದಲ್ಲಿ ಬಹುಬೇಗ ಚುಕ್ಕೆಗಟ್ಟುತ್ತದೆ. ಅದರ ಕೈಗೆ ಹಸಿರು ಲಾಂದ್ರ ಕೊಟ್ಟು ನೀಲಿ ಲೇಸರಿನಿಂದ ನೋಡಿದರೆ ನೋಡುವ ಕ್ರಿಯೆಯೇ ಚುಕ್ಕೆಗಳನ್ನು ಹುಟ್ಟಿಸುತ್ತದೆ. ಆದುದರಿಂದ ಅದಕ್ಕೆ ಹಳದಿ ಹಸಿರಿನ ಬೆಳಕಿನಿಂದ ಹೊತ್ತಿಕೊಳ್ಳುವ ಕೆಂಪು ಲಾಂದ್ರವನ್ನು ಕಟ್ಟುವುದುಂಟು. ಹಾಗಾದರೆ ಎಲ್ಲಕ್ಕೂ ಕೆಂಪು ಲಾಂದ್ರವನ್ನೇ ಕಟ್ಟಬಾರದೇಕೆ? ಎಲೆಯ ಪತ್ರಹರಿತ್ತು ತಾನೇ ಕೆಂಪಾಗಿ ಮಿನುಗುವ ಸ್ವಭಾವದ್ದು. ಹಸಿರೆಲೆಯಲ್ಲಿ ಕೆಂಪು ಲಾಂದ್ರವನ್ನು ಹುಡುಕುವುದೆಂದರೆ ದೀಪಾವಳಿಯ ಬೀದಿಯಲ್ಲಿ ಒಂದು ಹಣತೆಯನ್ನು ಹುಡುಕಿದಂತೆ. ಈ ಕಾರಣಕ್ಕಾಗಿಯೇ ನುರಿತವರು ಪತ್ರಹರಿತ್ತು ವಿರಳವಾದ ಎಳೆಯ ಕಾಂಡದ ಅಥವಾ ಬೀಜದೆಲೆಯ ಹೊರಸಿಪ್ಪೆಯ ಕೋಶಗಳನ್ನು ಆರಿಸಿಕೊಳ್ಳುತ್ತಾರೆ.

ಲಾಂದ್ರ ಹೊತ್ತ ಪ್ರೋಟೀನು ಲಾಂದ್ರವಿಲ್ಲದ ಪ್ರೋಟೀನಿನಂತೆಯೇ ನಡೆದುಕೊಳ್ಳುತ್ತದೆಯೇ? ಇದು ಅತ್ಯಂತ ಪ್ರಾಮಾಣಿಕವಾದ ಪ್ರಶ್ನೆ. ಉತ್ತರವನ್ನು ಸೂಕ್ಷ್ಮದರ್ಶಕ ಕೊಡುವುದಿಲ್ಲ, ಅಳತೆಪಟ್ಟಿ ಕೊಡುತ್ತದೆ. ಫೈಟೋಕ್ರೋಮ್-ಬಿ ಇಲ್ಲದೆ ಹುಟ್ಟಿದ ಕುರುಡು ಅರಬಿಡಾಪ್ಸಿಸ್ ಬೆಳಕಿನಲ್ಲಿಯೂ ಕತ್ತು ನೀಡಿ ಉದ್ದವಾಗಿ ಬೆಳೆಯುತ್ತದೆ. ಅದಕ್ಕೆ ಲಾಂದ್ರ ಕಟ್ಟಿದ ಜೀನನ್ನು ಕೊಟ್ಟಾಗ ಅದು ಮತ್ತೆ ಗಿಡ್ಡವಾದರೆ ಮಾತ್ರ ಆ ಪ್ರೋಟೀನು ತನ್ನ ಕೆಲಸ ಮರೆತಿಲ್ಲವೆಂದು ಒಪ್ಪಬೇಕು. ಸಹಜವಾಗಿ ಇರುವುದಕ್ಕಿಂತ ಹೆಚ್ಚು ಪ್ರಮಾಣದಲ್ಲಿ ಅದು ತಯಾರಾದರೆ ಚುಕ್ಕೆಗಳೂ ಅಗತ್ಯಕ್ಕಿಂತ ದೊಡ್ಡವಾಗಿ ನೋಡಲು ಚೆಲುವಾಗಿರುತ್ತವೆ. ಚೆಲುವಾದ ಚಿತ್ರವೆಂಬ ಕಾರಣಕ್ಕೇ ಅದನ್ನು ಎರಡು ಸಲ ಸಂಶಯಪಡುವುದು ಲೇಸು.

ಇನ್ನೊಂದು ಉಪಾಯವಂತೂ ಬಹು ಚಮತ್ಕಾರದ್ದು. ಒಂದು ದ್ಯುತಿಕಾಯದ ಮೇಲೆ ಲೇಸರನ್ನು ತೀಕ್ಷ್ಣವಾಗಿ ಬಿಟ್ಟು ಅಲ್ಲಿನ ಲಾಂದ್ರಗಳನ್ನೆಲ್ಲ ನಂದಿಸಿಬಿಡುತ್ತಾರೆ. ಚುಕ್ಕೆ ಕಪ್ಪಾಗುತ್ತದೆ. ಆಮೇಲೆ ಕಾಯುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಚುಕ್ಕೆ ಮತ್ತೆ ಮಿನುಗಿದರೆ, ನಂದಿದವು ಹೊರಟುಹೋಗಿ ಉರಿಯುವ ಲಾಂದ್ರದವು ಹೊರಗಿನಿಂದ ಒಳಬಂದಿವೆಯೆಂದು ಅರ್ಥ. ಸಂತೆಯ ಗುಂಪು ಗಂಟೆಗಟ್ಟಲೆ ಗುಂಪಾಗಿಯೇ ಕಾಣುತ್ತದೆ. ಅದರೊಳಗಿನ ಜನ ಮಾತ್ರ ಅವರೇ ಅಲ್ಲ. ಮರಳುವ ಮಿನುಗಿನ ವೇಗವನ್ನು ಅಳೆದರೆ ಒಳಗಿನವರು ಎಷ್ಟು ಸಡಿಲವಾಗಿ ನಿಂತಿದ್ದಾರೆಂಬುದು ತಿಳಿಯುತ್ತದೆ. ಇಂಥ ಪರೀಕ್ಷೆಗಳ ಬಲದಿಂದ, ದ್ಯುತಿಕಾಯ ಗಟ್ಟಿಯಾದ ಹರಳಲ್ಲ, ದ್ರವದೊಳಗಿನ ಬೇರೊಂದು ದ್ರವದ ಹನಿ ಎಂಬ ಅಭಿಪ್ರಾಯಕ್ಕೆ ೨೦೨೨ರಲ್ಲಿ ಪ್ರಕಟವಾದ ಸಂಶೋಧನೆ ಆಧಾರ ಒದಗಿಸಿತು. ಸಾರಿನ ಮೇಲೆ ತೇಲುವ ಒಗ್ಗರಣೆಯ ಎಣ್ಣೆಯ ಹನಿಗಳು ಒಂದನ್ನೊಂದು ಮುಟ್ಟಿದಾಗ ಕೂಡಿ ದೊಡ್ಡದಾಗುವುದನ್ನು ಊಟದ ಎಲೆಯ ಮುಂದೆ ಕುಳಿತ ಮಕ್ಕಳೂ ನೋಡಿರುತ್ತಾರೆ.

ಈ ಹನಿಗಳು ಬೆಳಕನ್ನಷ್ಟೇ ಅಲ್ಲ, ಶಾಖವನ್ನೂ ಬಲ್ಲವು. ಕೆಂಪಿನಿಂದ ಚುರುಕಾದ ಫೈಟೋಕ್ರೋಮ್-ಬಿ ಕತ್ತಲೆಯಲ್ಲಿ ತಾನಾಗಿ ಮಂಕಾಗುತ್ತದೆ. ಬೆಚ್ಚಗಿದ್ದಷ್ಟೂ ಬೇಗ ಮಂಕಾಗುತ್ತದೆ. ಅದು ಗಿಡದ ಉಷ್ಣಮಾಪಕವೂ ಹೌದೆಂದು ೨೦೧೬ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದವು. ಕ್ಯಾಲಿಫೋರ್ನಿಯದ ರಿವರ್‌ಸೈಡಿನಲ್ಲಿ ಮೆಂಗ್ ಚೆನ್ ಅವರ ತಂಡ ೨೦೨೦ರಲ್ಲಿ ಇನ್ನೊಂದು ಸೋಜಿಗವನ್ನು ಪ್ರಕಟಿಸಿತು: ಶಾಖ ಏರಿದಾಗ ಕೋಶಕೇಂದ್ರದ ದ್ಯುತಿಕಾಯಗಳೆಲ್ಲ ಒಟ್ಟಿಗೆ ಕರಗುವುದಿಲ್ಲ; ಒಂದೊಂದು ಒಂದೊಂದು ಮಟ್ಟದ ಶಾಖದಲ್ಲಿ ಮರೆಯಾಗುತ್ತದೆ. ಇಂಥದನ್ನು ನೋಡುವಾಗ ಸೂಕ್ಷ್ಮದರ್ಶಕದ ಪೀಠವೂ ಮಸೂರವೂ ಬಿಸಿಯಾಗಿರದಂತೆ ಕಾಯಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬೆಚ್ಚನೆಯ ಇರುಳುಗಳಲ್ಲಿ ಎಳೆಯ ಗಿಡ ನೆರಳಿನಲ್ಲಿದ್ದಂತೆ ಕತ್ತು ನೀಡುವುದಕ್ಕೆ ಇದೊಂದು ಕಾರಣ.

ಇಷ್ಟೆಲ್ಲ ಕಂಡ ಮೇಲೂ ಒಂದು ವಿವಾದ ಉಳಿದಿದೆ. ಅದನ್ನು ಮುಚ್ಚಿಟ್ಟು ಹೇಳಿದರೆ ಚಿತ್ರ ಅಪೂರ್ಣ. ಚುಕ್ಕೆಗಳು ಗಿಡದ ಕಚೇರಿಯೋ, ಕಚೇರಿಯ ಮುಂದೆ ನೆರೆದ ಬರಿಯ ಗುಂಪೋ? ಕಾಂಡವನ್ನು ಉದ್ದ ಮಾಡಿಸುವ ಪಿ.ಐ.ಎಫ್. ಎಂಬ ಪ್ರೋಟೀನುಗಳನ್ನು ಫೈಟೋಕ್ರೋಮ್ ಹಿಡಿದು ಅಡಗಿಸುತ್ತದೆ. ಹಾಗೆ ಸಿಕ್ಕಿಬಿದ್ದವು ಬಹುಮಟ್ಟಿಗೆ ನಾಶವಾಗುತ್ತವೆ. ಈ ಶಿಕ್ಷೆ ನಡೆಯುವುದು ದ್ಯುತಿಕಾಯದಲ್ಲಿಯೇ ಎಂದು ಒಂದು ಪಕ್ಷ. ಆದರೆ ನಗತಾನಿಯವರ ತಂಡವೇ ೨೦೦೩ರಲ್ಲಿ, ಫೈಟೋಕ್ರೋಮ್-ಬಿಯ ಮುಂದಿನ ಅರ್ಧವನ್ನು ಮಾತ್ರ ಜೋಡಿಜೋಡಿಯಾಗಿ ಕಟ್ಟಿ ಕೋಶಕೇಂದ್ರಕ್ಕೆ ಕಳುಹಿಸಿದಾಗ, ಕಣ್ಣಿಗೆ ಬೀಳುವ ಚುಕ್ಕೆಯೊಂದೂ ಇಲ್ಲದೆ ಗಿಡ ಬೆಳಕಿಗೆ ಚೆನ್ನಾಗಿಯೇ ಓಗೊಟ್ಟಿತೆಂದು ತೋರಿಸಿತ್ತು. ಕಣ್ಣಿಗೆ ಕಂಡದ್ದೇ ಕಾರಣವೆಂದು ನಂಬಬೇಕಾಗಿಲ್ಲ. ಚುಕ್ಕೆಗಳೊಳಗೆ ನಿಜವಾಗಿ ಯಾರಿದ್ದಾರೆಂದು ತಿಳಿಯಲು ಕೊರಿಯದ ವಿಜ್ಞಾನಿಗಳು ೨೦೨೩ರಲ್ಲಿ ಪ್ರಕಟಿಸಿದ ವಿಧಾನ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬಲ್ಲವರಿಗೆ ಸುಲಭವಾಗಿ ತಿಳಿದೀತು. ಜರಡಿಯ ಮೇಲೆ ಗೂಡನ್ನು ಸುರಿದು ಒಳ್ಳೆಯದನ್ನೂ ಜಳ್ಳನ್ನೂ ಬೇರೆ ಮಾಡುವಂತೆ, ಅವರು ಕೋಶಕೇಂದ್ರಗಳನ್ನು ಒಡೆದು, ಮಿನುಗುವ ಕಣಗಳನ್ನು ಯಂತ್ರದಿಂದ ಒಂದೊಂದಾಗಿ ಆರಿಸಿ ಕೂಡಿಹಾಕಿದರು. ಆ ರಾಶಿಯಲ್ಲಿ ಸಿಕ್ಕಿದ್ದು ಫೈಟೋಕ್ರೋಮ್-ಬಿ, ಅದನ್ನು ನೇರವಾಗಿ ಹಿಡಿದುಕೊಂಡ ಪ್ರೋಟೀನುಗಳು, ಆ ಹಿಡಿದವರನ್ನು ಹಿಡಿದುಕೊಂಡ ಇನ್ನು ಕೆಲವು.

ಮಾಗಡಿಯ ರಾಗಿಗೂ ಇದಕ್ಕೂ ಏನು ಸಂಬಂಧ? ರಾಗಿಯ ಹೊಲದಲ್ಲಿ ಅವರೆ, ತೊಗರಿ, ಸಾಸಿವೆಗಳನ್ನು ಅಕ್ಕಡಿ ಸಾಲಾಗಿ ಬಿಡುವ ರೈತನೂ, ಒತ್ತಾಗಿ ಬಿದ್ದ ಪೈರನ್ನು ಕುಂಟೆ ಹೊಡೆದು ತೆಳುಗೊಳಿಸುವ ಕನಕಪುರದ ರೈತನೂ, ಚನ್ನಪಟ್ಟಣದ ತೆಂಗಿನ ನಡುವೆ ಹಿಪ್ಪುನೇರಳೆ ಹಾಕಿದವನೂ, ಎಷ್ಟು ಹತ್ತಿರ ನೆಟ್ಟರೆ ಗಿಡಕ್ಕೆ ನೆರೆಯವರ ಭಯ ಹುಟ್ಟುತ್ತದೆ ಎಂಬ ಲೆಕ್ಕವನ್ನೇ ಹಾಕುತ್ತಿರುತ್ತಾರೆ. ಆ ಭಯದಲ್ಲಿ ಕಾಂಡಕ್ಕೆ ಹೋದದ್ದು ತೆನೆಗೆ ಬಾರದು. ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಶೈಲಜಾ ಹಿತ್ತಲಮನಿ ಅವರ ತಂಡ ಎಂ.ಎಲ್.-೩೬೫ ಎಂಬ ರಾಗಿ ತಳಿಯ ಸಮಗ್ರ ಜೀನ್ ಬರಹವನ್ನು ಓದಿ ೨೦೧೭ರಲ್ಲಿ ಪ್ರಕಟಿಸಿತು. ಅದೇ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಕನ್ಫೋಕಲ್ ಸೂಕ್ಷ್ಮದರ್ಶಕಗಳಿವೆ. ಬರಹವೂ ಕನ್ನಡಕವೂ ಒಂದೇ ಬೇಲಿಯೊಳಗೆ ಇವೆ.

ಆದರೆ ಅರಬಿಡಾಪ್ಸಿಸ್ಸಿನಲ್ಲಿ ಕಂಡದ್ದನ್ನು ರಾಗಿಗೆ ಹಾಗೆಯೇ ಆರೋಪಿಸಲಾಗದು. ಅರಬಿಡಾಪ್ಸಿಸ್ಸಿನಲ್ಲಿ ಫೈಟೋಕ್ರೋಮುಗಳು ಐದು ಬಗೆ. ಹುಲ್ಲಿನ ಕುಲದಲ್ಲಿ ಮುಖ್ಯವಾಗಿ ಮೂರು. ಅದರ ಮೊಳಕೆ ಗಾಜಿನಂತೆ ಪಾರದರ್ಶಕ. ರಾಗಿಯ ಎಲೆಯ ಸಿಪ್ಪೆಯಲ್ಲಿ ಹುಲ್ಲುಗಳ ಸ್ವಭಾವದಂತೆ ಮರಳಿನ ದ್ರವ್ಯವಾದ ಸಿಲಿಕಾ ಅಡಗಿದ್ದು ಬೆಳಕನ್ನು ಚೆದರಿಸುತ್ತದೆ. ಆದುದರಿಂದ ಹುಲ್ಲಿನ ಕುಲದ ಗಿಡಗಳನ್ನು ನೋಡಹೊರಟವರು ಎಲೆಯನ್ನು ಬಿಟ್ಟು, ನೆಲದಿಂದ ಮೊದಲು ಮೇಲೆದ್ದು ಬರುವ ಎಳೆಯ ಮೊಳಕೆಯ ಒರೆಯನ್ನು ಆರಿಸಿಕೊಳ್ಳುವುದು ಅನುಕೂಲ. ಅದು ತೆಳುವು, ಬೆಳ್ಳಗಿರುವುದರಿಂದ ಪತ್ರಹರಿತ್ತಿನ ಕಾಟವಿಲ್ಲ. ಅದನ್ನೂ ಬೆಳಕು ಸೋಂಕುವ ಮುನ್ನ, ಹಸಿರು ದೀಪದ ಕೆಳಗೆ, ಮಣ್ಣಿನಿಂದ ಎತ್ತಿಕೊಳ್ಳಬೇಕು.